ಮಹಾರಾಜರ ಕಿವಿಗೊಂದು ಬ್ಲೂಟೂತ್

5 ಜನವರಿ 2025, ಭಾನುವಾರ, ಸಂಜೆ 6

ಬನ್ನಿ ಮಹಾಜನಗಳೇ, ಬನ್ನಿ! ಹಿಂದೆ ನಿಂತವರು ಮುಂದೆ ಬನ್ನಿ, ಮುಂದೆ ನಿಂತವರು ಚಾಪೆಗೆ ಇಳಿಯಿರಿ, ಕಂಬಕ್ಕೆ ಒರಗಿದವರು ಬೀಡಿ ಆರಿಸಿ, ಅಳುವ ಕೂಸಿನ ಬಾಯಿಗೆ ಕಡಲೆಪುರಿ ತುಂಬಿ! ತೊರೆನೂರಿನ ರಂಗದ ಮೇಲೆ ನಲವತ್ತೊಂದು ವರ್ಷ ಗುಡುಗಿದ ಮೇಘಗಿರಿಯ ಮಹಾರಾಜ ಚಂಡಕೇತು ಇದೋ ನಿಮ್ಮ ಮುಂದೆ...

ಯಾರೂ ಇಲ್ಲ. ಶುಂಠಿ ಚೀಲದ ಮೇಲೆ ಬೆಕ್ಕು ಮಲಗಿತ್ತು. ಅದೂ ಎದ್ದು ಹೋಯಿತು.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಗೊತ್ತು. ಆದರೂ ಒಮ್ಮೆ ಹೀಗೆ ಕೂಗದೆ ಪೆನ್ನು ಓಡುವುದಿಲ್ಲ. ಅಭ್ಯಾಸ.

ಭಾನುವಾರದ ಪ್ರಾಕ್ಟೀಸ್ ಮುಗಿಸಿ ಬಂದೆ. ಮೂರನೇ ಅಂಕ, ಆಸ್ಥಾನದ ದೃಶ್ಯ, ಸೇನಾಪತಿಯನ್ನು ಗದರಿಸುವ ಮಾತು. ‘ಎಲವೋ ದ್ರೋಹಿ, ಸಿಂಹಾಸನವೆಂದರೆ ಬರೀ ಮರದ ಪೀಠವೆಂದು ಬಗೆದೆಯಾ? ಅದು...’ ಅದು — ಏನು? ಖಾಲಿ. ಎತ್ತಿದ ಖಡ್ಗ ಎತ್ತಿದ ಹಾಗೇ. ಎಡಗಡೆ ಸೈಡ್‌ವಿಂಗಿನಲ್ಲಿ ತಿಮ್ಮಪ್ಪಯ್ಯ ಮೇಷ್ಟ್ರು ಕೂತಿದ್ದರು. ನಮ್ಮ ಪ್ರಾಂಪ್ಟರು. ಮಾತಿನ ಪುಸ್ತಕ ಹಿಡಿದು, ಮರೆತವನಿಗೆ ಮೆಲ್ಲಗೆ ಎತ್ತಿಕೊಡುವವರು. ನಾನು ಮೊದಲ ಸಲ ಮೀಸೆ ಅಂಟಿಸಿಕೊಂಡ ದಿನದಿಂದಲೂ ಅವರೇ. ಅವರ ಬಾಯಿ ಆಡುತ್ತಿತ್ತು. ಧ್ವನಿಯಿಲ್ಲ.

ಮಾತು ಬಂದದ್ದು ಭಟರ ಸಾಲಿನಿಂದ. ಲೋಹಿತ್. ಟ್ರ್ಯಾಕ್ಟರ್ ಶೋರೂಮಿನವನು, ಭರ್ಜಿ ಹಿಡಿದು ನಿಲ್ಲುವ ಪಾತ್ರ. ‘ಅದು ನನ್ನ ಪೂರ್ವಜರ ಎದೆಗೂಡು!’ — ನನ್ನ ಮಾತನ್ನು ನನ್ನದೇ ರಾಗದಲ್ಲಿ ಹೇಳಿಬಿಟ್ಟ. ಚಪ್ಪಾಳೆ.

ಸಂಘದ ಅಧ್ಯಕ್ಷ ಚಂದ್ರು ಕೆಮ್ಮಿದ. ‘ಪುಟ್ಟರಾಜಣ್ಣ, ಬೇಜಾರ್ ಮಾಡ್ಕಬೇಡ. ಹೋದ್ ವರ್ಷನೂ ಮೂರ್ ಕಡೆ ನಿಂತೋದೆ. ಶಿವರಾತ್ರಿ ನಾಟ್ಕ ಕಣಣ್ಣ, ಸುತ್ತ ಹದ್ನಾರೂರ್ ಜನ ಬತ್ತರೆ. ಫೆಬ್ರವರಿ ಒಂಬತ್ಕೆ ಡ್ರೆಸ್ ಹಾಕ್ಕಂಡು ಪೂರ್ತಿ ರಿಹರ್ಸಲ್ ಮಾಡನ. ಅವತ್ತೂ ನಿಂತೋದ್ರೆ... ಕಿರೀಟ ಲೋಹಿತಂಗೆ.’

ಸಿಟ್ಟು ಯಾರ ಮೇಲೆ ತೋರಿಸಲಿ? ಕೈಗೆ ಸಿಕ್ಕವರ ಮೇಲೆ ತೋರಿಸಿದೆ. ‘ಮೇಷ್ಟ್ರೇ, ನಿಮ್ ಗಂಟಲು ಮುಗೀತು! ಬಾಯಿ ಆಡಿಸಿದ್ರೆ ಸಾಕಾ, ಸ್ವರ ಬೇಡ್ವಾ?’ — ಎಲ್ಲರೆದುರು, ಈ ಸಿಡಿಲಿನಂಥ ಕಂಠದಲ್ಲಿ.

‘ಇರಬಹುದು ಪುಟ್ಟರಾಜು. ಎಪ್ಪತ್ತಮೂರಾಯಿತಲ್ಲ’ ಎಂದರು. ಪುಸ್ತಕ ಮಡಚಿ ಮಡಿಕೇರಿ ಬಸ್ಸಿಗೆ ಹೋದರು.

ಈ ಪುಸ್ತಕಕ್ಕೆ ಮಾತ್ರ ಹೇಳುತ್ತೇನೆ. ಅವರ ಗಂಟಲು ಹೋಗಿದ್ದರೆ ಸರಿ. ಹೋಗಿರುವುದು ನನ್ನ ತಲೆಯಾಗಿದ್ದರೆ?

7 ಜನವರಿ, ಮಂಗಳವಾರ

ಉಪಾಯ ಹೊಳೆದಿದೆ!

ಬಸ್ಸಿನಲ್ಲಿ ಪಕ್ಕದವನು ತನ್ನಷ್ಟಕ್ಕೆ ನಗುತ್ತಿದ್ದ. ಕಿವಿಯಲ್ಲಿ ಬಿಳಿ ಹುಣಸೆಬೀಜದಂಥದ್ದು. ಇಯರ್‌ಬಡ್. ಅದರಲ್ಲಿ ಮೇಷ್ಟ್ರ ಧ್ವನಿ ಬಂದರೆ? ಎಷ್ಟೇ ಸಣ್ಣ ಧ್ವನಿಯಾದರೂ ನೇರ ಕಿವಿಯೊಳಗೆ! ಪ್ರೇಕ್ಷಕರಿಗೆ ಕೇಳುವುದಿಲ್ಲ. ಕಿರೀಟದ ಅಂಚಿನಡಿ ಬಡ್ ಕಾಣುವುದಿಲ್ಲ.

ಒಂದು ಜೊತೆ ತಂದೆ. ಮೊದಲು ಫೋನಿನಲ್ಲೇ ನೋಡಿದೆ. ಹಟ್ಟಿಯ ಹಿಂದೆ ನಾನು, ಅಡುಗೆಮನೆಯಿಂದ ಸಿದ್ದಮ್ಮನ ಕರೆ. ನನ್ನ ಹೆಂಡತಿಗೆ ಅಕ್ಷರ ಬರುವುದಿಲ್ಲ, ನಾಟಕದ ಮಾತು ಮಾತ್ರ ಪೂರ್ತಿ ಬರುತ್ತದೆ. ‘ಎಲವೋ ದ್ರೋಹಿ’ ಎನ್ನುವಷ್ಟರಲ್ಲಿ ನಡುವೆ ಬೇರೆ ಕರೆ ನುಗ್ಗಿತು. ‘ಸಾಹುಕಾರ್ರೆ, ಶುಂಠಿ ತೊಳ್ದಿದ್ದಾ, ತೊಳೀದೆ ಇರಾದಾ?’ ಶುಂಠಿ ಬ್ರೋಕರ್. ನಾನು ಆವೇಶದಲ್ಲಿ ‘ನಿನ್ನ ಶಿರವನ್ನು ಚೆಂಡಾಡುವೆ!’ ಎಂದೆ. ಅವನು ಫೋನ್ ಇಟ್ಟ. ಮತ್ತೆ ಮಾಡಿಲ್ಲ.

ಫೋನ್ ಬೇಡ. ಶಿವರಾತ್ರಿಯ ದಿನ ಜನ ಸೇರಿದರೆ ನೆಟ್‌ವರ್ಕೂ ಇರುವುದಿಲ್ಲ. ಸಂಘದ ಲ್ಯಾಪ್‌ಟಾಪ್ ಇದೆಯಲ್ಲ! ಗುಡುಗು, ಕುದುರೆ ಓಟ, ಶಂಖ, ಎಲ್ಲ ಅದರಿಂದಲೇ. ಅದಕ್ಕೊಂದು ಮೈಕ್ ಸಿಕ್ಕಿಸಿ ಮೇಷ್ಟ್ರ ಮುಂದಿಟ್ಟರೆ ಆಯಿತು. ಬ್ಲೂಟೂತ್ ಇಲ್ಲ, ಅಷ್ಟೇ ಕೊರತೆ. ಹಿಂದೆ ಒಂದು ಬ್ಲೂಟೂತ್ ಕಡ್ಡಿ ಸಿಕ್ಕಿಸಿದ್ದರು. ಯುದ್ಧದ ದೃಶ್ಯಕ್ಕೆ ಓಡುವಾಗ ಭಟನ ಭರ್ಜಿ ತಗುಲಿ, ಕಡ್ಡಿಯ ಜೊತೆ ಯುಎಸ್‌ಬಿ ತೂತೂ ಮುರಿಯಿತು. ಉಳಿದ ಎರಡರಲ್ಲಿ ಒಂದು ಮೌಸಿಗೆ, ಇನ್ನೊಂದು ಮೈಕಿಗೆ.

ಹೊರಗೆ ಚಾಚಿಕೊಂಡಿದ್ದು ನಮ್ಮ ಸೈನ್ಯದ ಎದುರು ಬದುಕುವುದಿಲ್ಲ. ಒಳಗೇ ಕೂರುವ ಬ್ಲೂಟೂತ್ ಇರಬಹುದೇ? ಕೇಳಬೇಕು.

9 ಜನವರಿ, ಗುರುವಾರ, ಮಧ್ಯಾಹ್ನ

ಕುಶಾಲನಗರ. ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಅನುಶ್ರೀ. ಗಾಳಿಬೀಡಿನ ಹುಡುಗಿ, ಈಗ ಇಲ್ಲೇ ಸಂಸಾರ. ಅಂಗಡಿಯ ಬಾಗಿಲಲ್ಲಿ ನಿಂತು ‘ಯಾರಲ್ಲಿ!’ ಎಂದೆ. ಒಳಗಿನಿಂದ: ‘ಅಂಕಲ್, ಮೆಲ್ಲ ಮಾರಾಯ್ರೆ, ಕೈಲಿ ಸ್ಕ್ರೂ ಉಂಟು.’

ಲ್ಯಾಪ್‌ಟಾಪ್ ಮಗುಚಿ ಹೊಟ್ಟೆ ತೆರೆದಳು. ನಾನು ಇಷ್ಟು ವರ್ಷ ಅದರ ಮುಖವನ್ನಷ್ಟೇ ನೋಡಿದ್ದೆ. ಆಹಾ! ಹಸಿರು ನೆಲ, ತಾಮ್ರದ ಓಣಿಗಳು, ಗಾಳಿ ಬೀಸುವ ಚಾಮರ. ಒಂದು ಊರೇ ಇದೆ!

‘ಇಲ್ಲಿ ನೋಡಿ.’ ಮೂಲೆಯಲ್ಲಿ ಖಾಲಿ ಜಾಗ, ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಸಾಕೆಟ್. ‘ಬ್ಲೂಟೂತ್ ಕೂರುವ ಜಾಗ ಇದು. ಕಂಪನಿಯವರು ಕೆಲವು ಪೀಸಿಗೆ ಹಾಕಿದ್ರು, ಕೆಲವಕ್ಕೆ ಬಿಟ್ರು. ನಿಮ್ಮದರಲ್ಲಿ ಜಾಗ ಮಾತ್ರ ಉಂಟು.’

ಕೀಬೋರ್ಡಿನ ಮೇಲೆ ನೀಲಿ ಗುರುತಿನ ದೀಪ ಒಂದಿದೆ. ಎಂದೂ ಉರಿದದ್ದಿಲ್ಲ. ಏಕೆಂದು ಇವತ್ತು ತಿಳಿಯಿತು. ಪಟ್ಟ ಸಿದ್ಧವಿದೆ, ಕೂರುವವನು ಬಂದಿಲ್ಲ.

ದಾರಿ ಎರಡು ಎಂದಳು.

ಒಂದು — ಈ ಸಾಕೆಟ್ಟಿಗೆಂದೇ ಹುಟ್ಟಿದ ಪುಟ್ಟ ಮಾಡ್ಯೂಲ್. ಬ್ಲೂಟೂತ್ ಬಿಟ್ಟರೆ ಬೇರೆ ಕೆಲಸ ಬಾರದು. ಹಳೆಯ ಕಾಲದ್ದು, ವರ್ಷನ್ ಎರಡು ಚಿಲ್ಲರೆ. ಈಗ ತಯಾರಾಗುವುದಿಲ್ಲ. ಇದೇ ಮಾಡೆಲ್‌ನ ಸತ್ತ ಲ್ಯಾಪ್‌ಟಾಪ್ ಸಿಕ್ಕರೆ ಅದರ ಹೊಟ್ಟೆಯಿಂದ ತೆಗೆಯಬೇಕು.

ಎರಡು — ಕಾಂಬೋ ಕಾರ್ಡ್. ಈಗಿರುವ ವೈಫೈ ಕಾರ್ಡ್ ಕಿತ್ತು ಅದೇ ಜಾಗಕ್ಕೆ ಕೂರಿಸುವುದು. ಒಂದರಲ್ಲೇ ವೈಫೈ, ಬ್ಲೂಟೂತ್ ಎರಡೂ. ಹೊಸತು, ಬಲ ಜಾಸ್ತಿ.

‘ಹಾಗಾದ್ರೆ ಎರಡನೇದೇ! ಒಬ್ಬನೇ ನಟ, ಎರಡು ಪಾತ್ರ!’

‘ಅದೇ ಕಷ್ಟ ಅಂಕಲ್. ಎರಡು ಪಾತ್ರಕ್ಕೆ ಎರಡು ದಾರಿ ಬೇಕು. ವೈಫೈ ಒಂದು ದಾರಿಲಿ ಬೋರ್ಡಿಗೆ ಹೋಗ್ತದೆ, ಬ್ಲೂಟೂತ್ ಇನ್ನೊಂದರಲ್ಲಿ. ಕೆಲವು ಬೋರ್ಡಲ್ಲಿ ಎರಡನೇ ದಾರಿ ಹಾಕಿರುದೇ ಇಲ್ಲ. ಮತ್ತೆ ಕೆಲವು ಲ್ಯಾಪ್‌ಟಾಪ್ ಪರಿಚಯ ಇಲ್ಲದ ಕಾರ್ಡ್ ಕಂಡ್ರೆ ಆನೇ ಆಗುದಿಲ್ಲ.’

ಪರಿಚಯವಿಲ್ಲದವನನ್ನು ಕಂಡರೆ ಕಣ್ಣೇ ತೆರೆಯದ ಲ್ಯಾಪ್‌ಟಾಪ್! ನಗು ಬಂತು. ನಮ್ಮ ಸಂಘವೂ ಹಾಗೇ.

ಕಾರ್ಡಿಗೆ ಎರಡು ತಂತಿ ಬರುತ್ತವೆ, ಕರಿದೊಂದು, ಬಿಳಿದೊಂದು. ತುದಿಯಲ್ಲಿ ಸಾಸಿವೆ ಗಾತ್ರದ ಚಿನ್ನದ ಗುಂಡಿ. ಆಂಟೆನಾ. ಪರದೆಯ ಅಂಚಿನೊಳಗೆ ಹಾದು ಹೋಗಿವೆಯಂತೆ. ಒಂದು ಗುಂಡಿಯನ್ನು ಒತ್ತಿಸಿ ಟಿಕ್ ಎನ್ನಿಸಿದಳು. ಇನ್ನೊಮ್ಮೆ ಮಾಡು ಎಂದೆ. ಮತ್ತೊಮ್ಮೆ ಟಿಕ್. ಮೂರನೇ ಸಲ ಕೇಳಲು ನಾಚಿಕೆಯಾಯಿತು.

11 ಜನವರಿ, ಶನಿವಾರ

ಎರಡು ದಿನದಿಂದ ಇದೇ ಚಿಂತೆ. ಶುಂಠಿ ಕೀಳಿಸುತ್ತಿದ್ದೇನೆ, ಕಣ್ಣು ಆಳುಗಳ ಮೇಲೆ, ಮನಸ್ಸು ಸಾಕೆಟ್ಟಿನ ಮೇಲೆ. ಹಳೆಯದೋ, ಹೊಸದೋ? ಒಂದೇ ಕೆಲಸ ಬಲ್ಲವನೋ, ಎರಡು ಬಲ್ಲವನೋ? ಫೋನಿನಲ್ಲಿ ವಿಡಿಯೋ ನೋಡಿದೆ. ಹಿಂದಿ, ತಮಿಳು, ಒಂದು ರಷ್ಯನ್. ಭಾಷೆ ಬಾರದಿದ್ದರೂ ಕಾರ್ಡ್ ಕೂರಿಸುವಾಗ ಅವನ ಉಸಿರು ಬಿಗಿಯಾಗಿದ್ದು ಅರ್ಥವಾಯಿತು.

ಸಿದ್ದಮ್ಮ: ‘ನನ್ ನೋಡಕ್ ಬಂದಾಗ್ಲೂ ಇಷ್ಟೊತ್ತು ನೋಡ್ನಿಲ್ಲ ನೀವು. ಬಂದ್ರಿ, ಕಾಫಿ ಕುಡುದ್ರಿ, ಆಯ್ತು ಅಂದ್ರಿ.’

‘ಅವತ್ತು ಒಂದೇ ಮಾಡೆಲ್ ತೋರ್ಸಿದ್ರು ಕಣೆ.’

ಸೌಟು ಹಾರಿ ಬಂತು. ತಪ್ಪಿಸಿಕೊಂಡೆ.

ಅನುಶ್ರೀ ಫೋನ್ ಮಾಡಿದ್ದಳು. ಅಮ್ಮತ್ತಿ ಹತ್ತಿರ ಒಂದು ಎಸ್ಟೇಟ್ ಆಫೀಸಿನಲ್ಲಿ ಇದೇ ಮಾಡೆಲ್ ಸತ್ತು ಬಿದ್ದಿದೆಯಂತೆ. ಅಲ್ಲಿಯ ರೈಟರ್ ಬೆಳ್ಯಪ್ಪ ಎಂಬವರು. ಲೆಕ್ಕಪತ್ರ, ಆಳುಗಳ ಹಾಜರಿ ನೋಡುವವರು. ಸೋಮವಾರ ಹೋಗುತ್ತೇನೆ.

13 ಜನವರಿ, ಸೋಮವಾರ

ಅಮ್ಮತ್ತಿಯಿಂದ ಮೂರು ಮೈಲಿ ಒಳಗೆ. ಕಾಫಿ ಪಿಕಿಂಗ್ ಭರಾಟೆ. ಆಫೀಸಿನ ಅಂಗಳದ ತುಂಬ ಕಾಫಿಹಣ್ಣು, ನಡೆಯಲು ಒಂದಡಿ ದಾರಿ. ಬೆಳ್ಯಪ್ಪ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

‘ಸತ್ತ ಲ್ಯಾಪ್‌ಟಾಪಿಂದ ಎಂಥ ತೆಗೀತೀರಿ?’

‘ಕಿವಿ ಮಹಾಸ್ವಾಮಿ! ಕಿವಿ!’

ಆಗ ತಲೆ ಎತ್ತಿದರು. ಆಳುಗಳ ಲೈನಿನ ಮನೆಗಳ ನಾಯಿಗಳೂ ಎದ್ದಿದ್ದವು. ವಿಷಯ ಹೇಳಿದೆ. ಹತ್ತು ನಿಮಿಷದಲ್ಲಿ ಹಾಜರಿ ಪುಸ್ತಕ ಬದಿಗೆ ಹೋಯಿತು, ಸ್ಕ್ರೂಡ್ರೈವರ್ ಬಂತು. ಅನುಶ್ರೀ ವಿಡಿಯೋ ಕಾಲ್‌ನಲ್ಲಿ ಹೇಳಿದಂತೆ ಬಿಚ್ಚಿದೆವು. ಅದೇ ಮೂಲೆ, ಅದೇ ಸಾಕೆಟ್. ಆದರೆ ಇಲ್ಲಿ ಆಸನ ಖಾಲಿಯಿಲ್ಲ! ಹೆಬ್ಬೆರಳಿನ ಉಗುರಿನಷ್ಟು ಹಸಿರು ಬಿಲ್ಲೆ, ಬಾಲದಂತೆ ಸಣ್ಣ ತಂತಿ.

‘ಇಷ್ಟೇ?’ — ಬೆಳ್ಯಪ್ಪ. ‘ಇದಕ್ಕೆ ಅಷ್ಟು ದೂರದಿಂದ ಬಂದಿರಾ? ನಾನು ಎಂಥದೋ ದೊಡ್ಡದು ಅಂತ ಎಣಿಸಿದೆ.’

ಕಾಫಿ ಸ್ಯಾಂಪಲ್ ಹಾಕುವ ಪುಟ್ಟ ಕವರಿನಲ್ಲಿ ಹಾಕಿಕೊಟ್ಟರು. ಅಂಗಿ ಜೇಬಿನಲ್ಲಿಟ್ಟು ಬಸ್ಸಿನುದ್ದಕ್ಕೂ ಅಂಗೈ ಮುಚ್ಚಿಕೊಂಡೇ ಬಂದೆ. ಎದೆನೋವೇ ಎಂದು ಕಂಡಕ್ಟರ್ ಕೇಳಿದ.

16 ಜನವರಿ, ಗುರುವಾರ

ದೀಪ ಉರಿಯಿತು! ನೀಲಿ ದೀಪ! ಹುಟ್ಟಿದಾಗಿನಿಂದ ಕುರುಡಾಗಿದ್ದ ಕಣ್ಣು ತೆರೆಯಿತು!

ಅನುಶ್ರೀ ಮೈಕ್ ಸಿಕ್ಕಿಸಿದಳು. ಬಡ್ಡನ್ನು ಕೈಗೆ ಕೊಟ್ಟಳು, ಹಾಗೇ ಕಿವಿಗೆ ಒತ್ತಿದೆ. ‘ಒನ್ ಟೂ ತ್ರೀ’ ಎಂದಳು. ಕೇಳಿತು! ಸ್ಪಷ್ಟ! ತಲೆಯೊಳಗೇ ಕೂತು ಮಾತಾಡಿದಂತೆ. ಅರ್ಧ ಉಸಿರಿನಷ್ಟು ತಡವಾಗಿ ಬರುತ್ತದೆ. ಪರವಾಗಿಲ್ಲ, ಮಹಾರಾಜರು ಅಷ್ಟು ಹೊತ್ತು ಮೀಸೆ ತಿರುವಬಹುದು.

‘ಹಳೇದೇ ಸಾಕಾಯ್ತು ನೋಡಿ, ಕಾಂಬೋ ಬೇಡ’ ಎಂದಳು.

19 ಜನವರಿ, ಭಾನುವಾರ

ಇಲ್ಲ. ಆಗಲಿಲ್ಲ.

ನಮ್ಮ ರಂಗದ ಪದ್ಧತಿ ಹೀಗೆ. ಹಾರ್ಮೋನಿಯಂ ಬಲಗಡೆ. ಗಣಪತಿ ಪೂಜೆಯಾದ ಎಡಗಡೆ ವಿಂಗಿನಲ್ಲಿ ಪ್ರಾಂಪ್ಟರು ಕೂರುವ ಪೆಟ್ಟಿಗೆ. ಶ್ರುತಿಗೆ ಬಲಗಿವಿ, ಮಾತಿಗೆ ಎಡಗಿವಿ. ಸಂಘ ಕಟ್ಟಿದವರ ಕಾಲದಿಂದ ಬಂದದ್ದು. ಹಾಗಾಗಿ ಎಡಗಿವಿಗೇ ಬಡ್ ಸಿಕ್ಕಿಸಿದೆ. ಮೇಷ್ಟ್ರು ಬಂದಿದ್ದರು. ಹೋದ ವಾರ ಬಂದಿರಲಿಲ್ಲ. ಕುತ್ತಿಗೆಗೆ ಮಫ್ಲರ್, ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ. ಗಂಟಲಿಗಂತೆ. ಮೈಕ್ ಹಿಡಿದು ಶುರು ಮಾಡಿದರು.

ಎಲ್ಲೋ ಬಾವಿಯ ತಳದಲ್ಲಿ ಸೊಳ್ಳೆ ಹಾಡಿದ ಹಾಗೆ. ಮಾತು ತಿಳಿಯಲಿಲ್ಲ.

‘ಈಗ ಕೇಳಿತಾ?’ — ಅವರು ಕೇಳುತ್ತಾರೆ. ‘ಇನ್ನೂ ಸ್ವಲ್ಪ’ — ನಾನು. ಮತ್ತೆ ಕಷಾಯ ಕುಡಿಯುತ್ತಾರೆ, ಮತ್ತೆ ಹೇಳುತ್ತಾರೆ. ಮುಖ ಕೆಂಪಾಗುತ್ತಿತ್ತು.

ಕುಶಾಲನಗರದಲ್ಲಿ ಕೇಳಿದ್ದು ತೊರೆನೂರಿನಲ್ಲಿ ಏಕೆ ಕೇಳದು? ಅನುಶ್ರೀಯ ಗಂಟಲು ಎಳೆಯದು, ಮೇಷ್ಟ್ರದು ಸವೆದದ್ದು. ಅದಿರಬಹುದು. ಅಥವಾ ಸಭಾಭವನದ ಜಿಂಕ್‌ಶೀಟಿನ ಮಾಡೇ? ವೇಷಭೂಷಣದ ಕಬ್ಬಿಣದ ಟ್ರಂಕೇ?

22 ಜನವರಿ, ಬುಧವಾರ

ಸಂಶೋಧನೆ! ಮೂರು ದಿನದಿಂದ.

ಲ್ಯಾಪ್‌ಟಾಪಿನಲ್ಲಿ ಶಂಖದ ಸದ್ದನ್ನು ಬಿಡದೆ ಊದಲು ಹಾಕಿ, ಎಡಗಿವಿಗೆ ಬಡ್ ಇಟ್ಟು, ಹೆಜ್ಜೆ ಅಳೆದೆ. ಒಂದು ಹೆಜ್ಜೆ: ಸಣ್ಣಗೆ. ಐದು: ಸಣ್ಣಗೆ. ಹತ್ತು: ಅಷ್ಟೇ ಸಣ್ಣಗೆ. ಹದಿನೆಂಟು, ರಂಗದ ಆ ತುದಿಯಿಂದ ಈ ತುದಿ: ಅದೇ. ಟ್ರಂಕುಗಳನ್ನು ಹೊರಗೆ ಸಾಗಿಸಿದೆ: ಅದೇ. ಜಿಂಕ್‌ಶೀಟಿನ ಕೆಳಗಿನಿಂದ ಮೈದಾನಕ್ಕೆ ತಂದೆ: ಅದೇ. ಒಂದು ವಿಚಿತ್ರ — ಎಲ್ಲಿ ನಿಂತರೂ ಒಂದೇ ಸಮ. ಹೀಗೂ ಇರುತ್ತದೆಯೇ?

ಮೈದಾನದಲ್ಲಿ ಖಾಲಿ ಕೈಯಲ್ಲಿ ಹೆಜ್ಜೆ ಎಣಿಸುತ್ತಿರುವುದನ್ನು ಲೋಹಿತ್ ಬೈಕ್ ನಿಲ್ಲಿಸಿ ನೋಡಿದ. ‘ಏನಣ್ಣ, ಸೈಟ್ ಮಾಡ್ತಿದ್ಯಾ?’

‘ಎಲವೋ ಭಟ, ರಾಜಕಾರ್ಯ!’

ನಕ್ಕ. ‘ಕಷ್ಟ ಆದ್ರೆ ಹೇಳಣ್ಣ. ನಂಗೆ ಮಾತ್ ಪೂರ್ತಿ ಬಾಯ್ಪಾಠ ಆಗದೆ.’ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಹೆಚ್ಚು ಚುಚ್ಚಿತು.

ತೀರ್ಮಾನ: ಅಮ್ಮತ್ತಿಯ ಬಿಲ್ಲೆಗೆ ವಯಸ್ಸಾಗಿದೆ, ಶಕ್ತಿಯಿಲ್ಲ. ಕಾಂಬೋ ಕಾರ್ಡೇ ಬೇಕು. ಅನುಶ್ರೀಗೆ ತರಿಸಲು ಹೇಳಿದೆ.

27 ಜನವರಿ, ಸೋಮವಾರ

ಕಾಂಬೋ ಬಂತು. ಹಳೆಯ ಬಿಲ್ಲೆಯನ್ನು ಬಿಚ್ಚಿ ಕವರಿಗೆ ಹಾಕಿದಳು. ವೈಫೈ ಕಾರ್ಡ್ ಕಿತ್ತು, ಹೊಸತನ್ನು ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಬಿಗಿದು, ಕರಿ ತಂತಿ ಟಿಕ್, ಬಿಳಿ ತಂತಿ ಟಿಕ್.

‘ಈಗ ಪ್ರಾರ್ಥನೆ ಮಾಡಿ ಅಂಕಲ್. ಒಪ್ಪದಿದ್ರೆ ಪರದೆ ಕಪ್ಪಾಗಿಯೇ ಇರ್ತದೆ.’

ಬಟನ್ ಒತ್ತಿದಳು. ಕಪ್ಪು. ಕಪ್ಪು... ಫ್ಯಾನ್ ತಿರುಗಿತು. ಇನ್ನೂ ಕಪ್ಪು. ಬಂತು! ಬೆಳಗಿತು! ಎರಡನೇ ದಾರಿಯೂ ಇತ್ತು, ವೈಫೈ ಕಂಡಿತು, ಬ್ಲೂಟೂತೂ ಕಂಡಿತು. ಅಂಗಡಿಯಲ್ಲೇ ‘ಜಯವಾಗಲಿ!’ ಎಂದು ಕೂಗಿದೆ. ಪಕ್ಕದ ಬೇಕರಿಯವನು ಬಂದು ನೋಡಿ ಹೋದ.

ಬಡ್ ಇಟ್ಟು ಕೇಳಿದೆ. ಗಂಟೆಯಂತೆ ಸ್ಪಷ್ಟ.

30 ಜನವರಿ, ಗುರುವಾರ

ಮನೆಯಲ್ಲಿ ಎಡಗಿವಿಗೆ ಹಾಕಿ ಪ್ರಾಕ್ಟೀಸ್ ಮಾಡಿದೆ. ಸೊಳ್ಳೆ. ಅದೇ ಸೊಳ್ಳೆ.

ಅನುಶ್ರೀಗೆ ಫೋನ್ ಮಾಡಿ ಕೂಗಿದೆ. ‘ಇಲ್ಲಿ ನಾನೇ ಕೇಳಿ ಕಳಿಸಿದ್ದಲ್ಲ ಅಂಕಲ್’ ಎಂದಳು, ಅಷ್ಟೇ ತಾಳ್ಮೆಯಿಂದ.

ಮಾತಿನ ಪುಸ್ತಕ ತೆಗೆದು ಬಾಯ್ಪಾಠಕ್ಕೆ ಕೂತೆ. ಅಕ್ಷರ ಕಾಣುತ್ತದೆ, ಎರಡು ಪುಟ ಕಳೆದರೆ ಮೊದಲಿನದು ಇರುವುದಿಲ್ಲ. ನಲವತ್ತೊಂದು ವರ್ಷ ಆಡಿದ ಮಾತು!

9 ಫೆಬ್ರವರಿ, ಭಾನುವಾರ

ಆಯಿತು.

ಪೂರ್ತಿ ವೇಷ. ಕಿರೀಟದಡಿ ಬಡ್. ಮೊದಲ ಎರಡು ಅಂಕ ಹೇಗೋ ದಾಟಿತು. ಮೂರನೆಯದರಲ್ಲಿ ನಿಂತೆ. ಕಿವಿಯಲ್ಲಿ ಗುಂಯ್ ಎನ್ನುವುದು ಮಾತ್ರ. ಹಾಗೂ ಹೀಗೂ ಏನೋ ಕಟ್ಟಿ ಹೇಳಿದೆ. ನಾಲ್ಕನೆಯದರಲ್ಲಿ, ರಾಣಿಗೆ ವಿದಾಯ ಹೇಳುವಲ್ಲಿ, ಮತ್ತೆ.

ತಿಮ್ಮಪ್ಪಯ್ಯನವರು ಪೆಟ್ಟಿಗೆಯಿಂದ ಎದ್ದು ನಿಂತರು. ಮೈಕ್ ಬಿಟ್ಟು, ಕತ್ತಿನ ನರ ಉಬ್ಬಿಸಿ ಕೂಗಿದರು: ‘ಪ್ರಿಯೆ, ಸೂರ್ಯನಿಗೂ ಒಂದು ಸಂಜೆಯಿದೆ!’ ಇಡೀ ಸಭಾಭವನಕ್ಕೆ ಕೇಳಿತು. ಇಷ್ಟು ವರ್ಷದಲ್ಲಿ ಅವರ ಧ್ವನಿ ಪ್ರೇಕ್ಷಕರ ಕಡೆ ಬಂದದ್ದು ಅದೇ ಮೊದಲು. ಜನ ನಕ್ಕರು. ಪ್ರಾಂಪ್ಟರ ಧ್ವನಿ ಹೊರಗೆ ಕೇಳುವುದಕ್ಕಿಂತ ದೊಡ್ಡ ಅವಮಾನ ಆ ಕೆಲಸದಲ್ಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಚಂದ್ರುವಿನ ಕೈಗೆ ಪುಸ್ತಕ ಕೊಟ್ಟರು. ‘ಕಿವಿಯೊಳಗೇ ಹೋಗಿ ಹೇಳಿದರೂ ತಲುಪುವುದಿಲ್ಲ ಎಂದರೆ ನನ್ನಲ್ಲಿ ಸ್ವರ ಉಳಿದಿಲ್ಲ ಎಂದೇ ಲೆಕ್ಕ. ಹುಡುಗ ಒಂದು ತಿಂಗಳ ಹಿಂದೆಯೇ ಹೇಳಿದ್ದ. ಕೇಳಬೇಕಿತ್ತು.’

ಅರವತ್ತನಾಲ್ಕರ ನಾನು ಅವರಿಗೆ ಈಗಲೂ ಹುಡುಗ.

ಚಂದ್ರು: ‘ಗುರುವಾರ ಹತ್ ಗಂಟೆಗೆ ಲೋಹಿತಂಗೆ ಕಿರೀಟದ ಅಳತೆ ನೋಡನ. ನಿಂದೇನಾರ ಮಾತಿದ್ರೆ ಅಲ್ಲೇ ಬಂದ್ ಹೇಳಣ್ಣ, ಸಮಿತಿ ಕೇಳ್ತದೆ. ಆಮೇಕೆ ಬೇಡ.’

10 ಫೆಬ್ರವರಿ

ಬರೆಯಲು ಏನೂ ಇಲ್ಲ.

12 ಫೆಬ್ರವರಿ, ಬುಧವಾರ, ಮಧ್ಯಾಹ್ನ 2

ಕುಶಾಲನಗರ, ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲ್. ಕಾಫಿ ಆರಿದೆ. ಇಲ್ಲೇ ಬರೆಯಬೇಕು.

ಜಗಳಕ್ಕೆಂದೇ ಹೋಗಿದ್ದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಕುಕ್ಕಿದೆ. ‘ನಿನ್ನ ಎರಡು ಮಾಡ್ಯೂಲೂ ಮೋಸ! ಒಂದು ಹೆಜ್ಜೆಗೂ ಅಷ್ಟೇ, ಹದಿನೆಂಟಕ್ಕೂ ಅಷ್ಟೇ, ಮಾಡಿನ ಕೆಳಗೂ ಅಷ್ಟೇ, ಬಯಲಲ್ಲೂ ಅಷ್ಟೇ!’

ಅನುಶ್ರೀ ಕೈಯಲ್ಲಿದ್ದ ಕೆಲಸ ಬಿಟ್ಟಳು. ‘ಇನ್ನೊಮ್ಮೆ ಹೇಳಿ. ಹದಿನೆಂಟು ಹೆಜ್ಜೆಗೂ ಅಷ್ಟೇ ಸಣ್ಣಗಾ? ನಡುವೆ ಕಟ್ ಕಟ್ ಆಗುದಿಲ್ವಾ?’

‘ಇಲ್ಲ. ಒಂದೇ ಸಮ.’

‘ಅಂಕಲ್, ಬ್ಲೂಟೂತ್ ಹಾಗೆ ಸಣ್ಣ ಆಗುದಿಲ್ಲ. ರೇಂಜ್ ಕಮ್ಮಿ ಆದ್ರೆ ತುಂಡು ತುಂಡಾಗ್ತದೆ, ಆಮೇಲೆ ನಿಂತೇ ಹೋಗ್ತದೆ. ಬಂದಷ್ಟು ಹೊತ್ತು ಪೂರ್ತಿ ಬರ್ತದೆ. ದೂರ ಹೋದ ಹಾಗೆ ಮೆಲ್ಲ ಆಗ್ಲಿಕ್ಕೆ ಅದು ನಿಮ್ಮ ಹಾಗೆ ಕೂಗುದಲ್ಲ.’ ನನ್ನನ್ನೇ ನೋಡಿದಳು. ‘ಎರಡು ಬೇರೆ ಬೇರೆ ಮಾಡ್ಯೂಲಲ್ಲಿ ಒಂದೇ ತೊಂದರೆ ಅಂದ್ರೆ ತೊಂದರೆ ಮಾಡ್ಯೂಲಲ್ಲಿ ಇಲ್ಲ. ಹೇಗೆ ಇಟ್ಕೊಳ್ತೀರಿ, ಇಟ್ಟು ತೋರಿಸಿ.’

ಶಂಖದ ಸದ್ದು ಹಾಕಿ ಎಡಗಿವಿಗೆ ಇಟ್ಟೆ. ಸೊಳ್ಳೆ.

‘ಇಲ್ಲಿ ಅವತ್ತು ಕೇಳುವಾಗ ಬಲಗಿವಿಗೆ ಇಟ್ಟಿದ್ರಿ.’ ಬಡ್ ತೆಗೆದುಕೊಂಡಳು. ಒರೆಸಿ ತನ್ನ ಕಿವಿಗೆ ಇಟ್ಟಳು, ಮುಖ ಸಿಂಡರಿಸಿ ತಕ್ಷಣ ತೆಗೆದಳು. ‘ಅಯ್ಯೋ ದೇವರೇ, ಫುಲ್ ವಾಲ್ಯೂಮ್.’ ಕಡಿಮೆ ಮಾಡದೆ ನನ್ನ ಬಲಗಿವಿಗೆ ಒತ್ತಿದಳು.

ಶಂಖ! ಪ್ರಳಯ! ಕುರ್ಚಿಯಿಂದ ಹಾರಿಬಿದ್ದೆ.

ಮತ್ತೆ ಎಡಕ್ಕೆ. ಬಾವಿಯ ತಳದ ಸೊಳ್ಳೆ.

ಬಲಕ್ಕೆ, ಎಡಕ್ಕೆ. ನಾನೇ ನಾಲ್ಕು ಸಲ ಮಾಡಿದೆ. ಮಗು ಸ್ವಿಚ್ ಹಾಕಿ ಆರಿಸಿದ ಹಾಗೆ. ಐದನೇ ಸಲಕ್ಕೆ ಅನುಶ್ರೀ ಮೆಲ್ಲಗೆ ನನ್ನ ಕೈ ಹಿಡಿದಳು. ‘ಸಾಕು ಅಂಕಲ್. ಕಿವಿ ಡಾಕ್ಟರಿಗೆ ತೋರಿಸುವ, ಆಯ್ತಾ? ಇದು ನನ್ನ ಸ್ಕ್ರೂಡ್ರೈವರಿಗೆ ಸಿಗುವ ಜಾಗ ಅಲ್ಲ.’

ಯಾವುದನ್ನು ಒಳಗೆ ಬಿಡಲಿ ಎಂದು ಕೇಳಿದಳು. ಅಮ್ಮತ್ತಿಯ ಬಿಲ್ಲೆ ಎಂದೆ. ಪಾಪ, ವಯಸ್ಸಾಯಿತೆಂದು ಅದನ್ನು ಇಳಿಸಿದ್ದೆ. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿತ್ತು.

ಸಂಜೆ 5

ಸಿದ್ದಮ್ಮನಿಗೆ ಹೇಳಿದೆ. ಅಕ್ಕಿ ಕೇರುತ್ತಿದ್ದಳು, ಮೊರ ನಿಲ್ಲಲಿಲ್ಲ.

‘ನಿಮ್ಗೆ ಗೊತ್ತಿರ್ನಿಲ್ವಾ?’

‘ನಿಂಗೆ ಗೊತ್ತಿತ್ತಾ!’

‘ನಾಕ್ ವರ್ಷಾಯ್ತು. ನಾನು ಬಲಗಡೆ ಬಂದೇ ಅಲ್ವಾ ಮಾತಾಡದು? ಊಟಕ್ಕೂ ಬಲಗಡೆ, ಬಸ್ಸಲ್ಲೂ ಬಲಗಡೆ. ಎಡಗಡೆ ಇದ್ರೆ ಬರೀ ಹ್ಞಾಂ ಹ್ಞಾಂ ಅಂತೀರಿ. ನಂಗೊತ್ತಿಲ್ದೆ ಏನು.’

‘ಹೇಳ್ಬಾರ್ದಿತ್ತೇನೆ?’

‘ಬೈಯಾದ್ ಇದ್ರೆ ಎಡಗಡೆ ನಿಂತ್ಕತಿದ್ದೆ. ಅನ್ಕೂಲ ಇತ್ತು.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ. ಅವಳೂ ನಕ್ಕಳು. ಆಮೇಲೆ ಮೊರ ಕೆಳಗಿಟ್ಟು ಪಕ್ಕ ಕೂತಳು, ಬಲಗಡೆಯೇ.

ಸಂಜೆ 7

ಕೂಗದೆ ಬರೆಯುತ್ತೇನೆ.

ತಲೆ ಸರಿಯಿದೆ. ಒಂದು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

ಮಾತು ಮರೆತೆ, ಮರೆತೆ ಎಂದು ಹೆದರಿದೆನಲ್ಲ. ಯಾವಾಗ ನೆನಪಿತ್ತು? ಯೋಚಿಸಿ ನೋಡಿದೆ. ಒಂದೇ ಒಂದು ಅಂಕವನ್ನು ನಾನು ಪೂರ್ತಿ ಬಾಯ್ಪಾಠ ಮಾಡಿದ್ದಿಲ್ಲ. ಎಲ್ಲವೂ ಎಡಗಡೆಯಿಂದ ಬರುತ್ತಿತ್ತು. ಆ ಮೆಲ್ಲನೆಯ ಧ್ವನಿ ಅರ್ಧ ಹೇಳುತ್ತಿತ್ತು, ನಾನು ಅದನ್ನು ಗುಡುಗಾಗಿ ಮಾಡುತ್ತಿದ್ದೆ. ಅಭ್ಯಾಸ ಎಷ್ಟಾಗಿತ್ತೆಂದರೆ ಅದು ನನ್ನೊಳಗಿಂದಲೇ ಬರುತ್ತದೆ ಎಂದುಕೊಂಡಿದ್ದೆ. ಒನ್ಸ್‌ಮೋರ್ ನನಗೆ, ಹಾರ ನನಗೆ. ಅವರು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ. ಕಿವಿ ಕೆಟ್ಟದ್ದು ನನ್ನದು, ಕಷಾಯ ಕುಡಿದದ್ದು ಅವರು.

ಅವರ ಪೆಟ್ಟಿಗೆಯನ್ನು ಎಡದಿಂದ ಎತ್ತಿ ಬಲಕ್ಕೆ, ಹಾರ್ಮೋನಿಯಂ ಪಕ್ಕಕ್ಕೆ ಇಟ್ಟಿದ್ದರೆ ಮುಗಿಯುತ್ತಿತ್ತು. ಹದಿನೆಂಟು ಹೆಜ್ಜೆ. ಬ್ಲೂಟೂತೂ ಬೇಕಿರಲಿಲ್ಲ. ಪದ್ಧತಿ ಎಂದು ಯಾರೂ ಅಲ್ಲಾಡಿಸಲಿಲ್ಲ, ನನಗೂ ಹೊಳೆಯಲಿಲ್ಲ. ಲ್ಯಾಪ್‌ಟಾಪಿನ ಹೊಟ್ಟೆಯ ಮೂಲೆಮೂಲೆ ನೋಡಿದೆ, ನನ್ನ ತಲೆಯ ಎರಡು ಬದಿ ನೋಡಲಿಲ್ಲ.

ಚಂದ್ರು ಈಗ ಫೋನ್ ಮಾಡಿದ್ದ. ‘ನಾಳೆ ಹತ್ಗಂಟೆ, ಬತ್ತಿಯಲ್ಲ ಪುಟ್ಟರಾಜಣ್ಣ? ಬರ್ನಿಲ್ಲ ಅಂದ್ರೆ ಲೋಹಿತಂದೇ ಫೈನಲ್.’

ಮಾತಿದೆ. ಒಳ್ಳೆಯ ಮಾತಿದೆ. ಕಿವಿಯ ಕಥೆ ಹೇಳಿ, ಪೆಟ್ಟಿಗೆ ಬಲಕ್ಕೆ ಇಡಿಸಿ, ಕಿರೀಟ ಉಳಿಸಿಕೊಳ್ಳಬಹುದು. ಸಿದ್ದಮ್ಮನೂ ಅದನ್ನೇ ಹೇಳಿದಳು. ಮೊದಲು ಸಮಿತಿ, ಆಮೇಲೆ ಮಡಿಕೇರಿಯಲ್ಲಿ ಮೇಷ್ಟ್ರ ಮನೆ ಎಂದು.

ಆದರೆ ಮೇಷ್ಟ್ರು ಭಾನುವಾರದಿಂದ ತಮ್ಮಲ್ಲಿ ಸ್ವರವಿಲ್ಲ ಎಂದು ನಂಬಿಕೊಂಡು ಕೂತಿದ್ದಾರೆ. ಮೂರು ದಿನವಾಯಿತು. ಅವರ ಸೊಸೆಗೆ ಫೋನ್ ಮಾಡಿದ್ದೆ. ‘ಮಾವ ಮಾತು ಕಮ್ಮಿ ಮಾಡಿದ್ದಾರೆ’ ಎಂದರು. ನನ್ನ ಕಿರೀಟದ ಮಾತು ಮುಗಿಯುವವರೆಗೆ ಅವರು ಇನ್ನೂ ಅರ್ಧ ದಿನ ಹಾಗೇ ಕೂರಬೇಕೇ?

ಚಂದ್ರುವಿಗೆ ಹೇಳಿದೆ — ಲೋಹಿತನಿಗೆ ಅಳತೆ ನೋಡು. ಅವನಿಗೆ ಮಾತು ಬಾಯ್ಪಾಠವಾಗಿದೆ, ಪೂರ್ತಿ. ನನಗೆ ಎಂದೂ ಆಗಿರಲಿಲ್ಲ.

‘ಏನಣ್ಣ, ಉಷಾರಿದ್ಯಾ? ಧ್ವನಿ ಸಣ್ಣಕದೆ’ ಎಂದ.

ನಾಳೆ ಬೆಳಗ್ಗೆ ಆರೂವರೆಯ ಬಸ್ಸು. ಕುಶಾಲನಗರದಲ್ಲಿ ಇಳಿದು ಮಡಿಕೇರಿ ಬಸ್ಸು ಹತ್ತುತ್ತೇನೆ. ಅವರ ಮನೆಯ ಗೇಟಿನಲ್ಲಿ ನಿಂತು ‘ಯಾರಲ್ಲಿ’ ಎಂದು ಕೂಗುವುದಿಲ್ಲ. ಬಾಗಿಲು ತಟ್ಟುತ್ತೇನೆ. ಅವರ ಕುರ್ಚಿಯನ್ನು ನನ್ನ ಬಲಗಡೆಗೆ ಎಳೆದುಕೊಳ್ಳುತ್ತೇನೆ. ಎಲ್ಲಾದರೂ ಒಂದು ಸಾಲು ಓದಿ ಮೇಷ್ಟ್ರೇ, ಎಷ್ಟು ಬೇಕಾದರೂ ಮೆಲ್ಲಗೆ ಓದಿ ಎಂದು ಹೇಳಿ, ಕಣ್ಣು ಮುಚ್ಚಿ, ಅವರು ಓದಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿ, ಆಮೇಲೆ ಅವರ ಎರಡೂ ಕೈ ಹಿಡಿದು, ಕೆಟ್ಟದ್ದು ನನ್ನ ಕಿವಿ ಮೇಷ್ಟ್ರೇ, ನಿಮ್ಮ ಗಂಟಲಲ್ಲ ಎನ್ನುತ್ತೇನೆ. ಮೆಲ್ಲಗೆ.